777 ಕೊಟ್ಟರೂ 403 ಯಾಕೆ? ಮನೆಯ ಸರ್ವರು, ಪಿಎಚ್‌ಪಿ ಮತ್ತು ಫೈಲ್ ಪರ್ಮಿಷನ್

ಪ್ರಶ್ನೆ: ನಾವು ತೀರ್ಥಹಳ್ಳಿ ತಾಲೂಕಿನ ಹಳ್ಳಿಯೊಂದರವರು. ಮನೆಯ ಹಳೇ ಡೆಸ್ಕ್‌ಟಾಪಿಗೆ ಉಬುಂಟು 22.04 (ಲಿನಕ್ಸ್) ಹಾಕಿ, ಪುಟ ಕಳಿಸುವ ಅಪಾಚೆ ಸರ್ವರು ಮತ್ತು ಪಿಎಚ್‌ಪಿ ಭಾಷೆ ಇಟ್ಟುಕೊಂಡು ಅಡಿಕೆ ಲೆಕ್ಕದ ಪುಟ ಮಾಡಿಕೊಂಡಿದ್ದೆ. ಡೇಟಾ ಎಸ್‌ಕ್ಯೂಲೈಟ್ ಎಂಬ ಒಂದೇ ಫೈಲಿನ ಡೇಟಾಬೇಸಿನಲ್ಲಿದೆ. ಮನೆಯವರೆಲ್ಲ ವೈಫೈ ಮೂಲಕ ಮೊಬೈಲಿನಲ್ಲೇ ಲೆಕ್ಕ ತುಂಬುತ್ತಿದ್ದರು. 24.04ಕ್ಕೆ ಅಪ್‌ಗ್ರೇಡ್ ಮಾಡಿದ ಮೇಲೆ ಪುಟದ ಬದಲು ಕೋಡ್ ಕಾಣಿಸತೊಡಗಿತು. ಜಾಗ ಸರಿಯಿಲ್ಲವೇನೋ ಅಂದುಕೊಂಡು ಫೋಲ್ಡರನ್ನು ನನ್ನ ಹೋಮ್ ಫೋಲ್ಡರಿಗೆ ತಂದು, ಅಪಾಚೆಗೆ ಆ ದಾರಿ ಕೊಟ್ಟೆ. 403 (ಪ್ರವೇಶ ಇಲ್ಲ) ಬಂತು. ಪರಿಚಯದವರು ಫೋಲ್ಡರಿಗೆ 777 ಪರ್ಮಿಷನ್ ಕೊಡಿ ಅಂದರು. ಕೊಟ್ಟರೂ 403 ಹೋಗಲಿಲ್ಲ. ಮತ್ತೆ ಹಳೇ ಜಾಗಕ್ಕೇ ಸುಡೋ (ಮುಖ್ಯ ಯೂಸರ್ ಆದ ರೂಟ್‌ನ ಅಧಿಕಾರ) ಹಾಕಿ ಕಾಪಿ ಮಾಡಿ, ಏನೇನೋ ಪ್ಯಾಕೇಜ್ ಇನ್‌ಸ್ಟಾಲ್ ಮಾಡಿದೆ. ಈಗ ಪುಟ ಬರುತ್ತದೆ. ಆದರೆ ಲೆಕ್ಕ ಸೇವ್ ಆಗುವುದಿಲ್ಲ, ಮೂಟೆಯ ಫೋಟೋ ಏರುವುದಿಲ್ಲ. ಮಗಳು ಬರೆದ ಮಳೆ ಲೆಕ್ಕದ ಪೈಥಾನ್ ಸ್ಕ್ರಿಪ್ಟ್ ತೆರೆದರೆ 500 (ಸರ್ವರಿನ ಒಳಗಿನ ತಪ್ಪು) ಬರುತ್ತದೆ. ತಪ್ಪು ಎಲ್ಲಿದೆ? 777 ಹಾಗೇ ಬಿಡಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಹೇಳಿಬಿಡುತ್ತೇನೆ. 777 ಬೇಡ. ಇವತ್ತೇ ತೆಗೆಯಿರಿ. ಹೇಗೆ ಅಂತ ಮುಂದೆ ಬರೆದಿದ್ದೇನೆ. ಅಲ್ಲಿ ತನಕ ಓದುವವರೆಗೆ ಇನ್ಯಾವ ಪರ್ಮಿಷನ್ನನ್ನೂ ಮುಟ್ಟಬೇಡಿ.

ನಿಮಗೆ ಬಂದಿರುವುದು ಒಂದು ತೊಂದರೆ ಅಲ್ಲ, ಐದು. ಕೋಡ್ ಕಾಣಿಸಿದ್ದು, 403 ಬಂದಿದ್ದು, ಲೆಕ್ಕ ಸೇವ್ ಆಗದಿರುವುದು, ಫೋಟೋ ಏರದಿರುವುದು, ಪೈಥಾನಿನ 500. ಒಂದರ ಬೆನ್ನಿಗೆ ಒಂದು ಬಂದಿದ್ದರಿಂದ ಎಲ್ಲಕ್ಕೂ ಒಂದೇ ಬೇರು ಅನ್ನಿಸಿದೆ, ಅಷ್ಟೇ. ಮೊದಲನೆಯದಕ್ಕೂ ಪರ್ಮಿಷನ್ನಿಗೂ ಸಂಬಂಧವೇ ಇಲ್ಲ. ಫೋಟೋದ್ದರಲ್ಲಿ ಅರ್ಧ ಮಾತ್ರ ಇರಬಹುದು. ಹಾಗಾಗಿ ಪ್ರತಿ ಸಲವೂ ಮೂರು ವಿಷಯ ಗೊತ್ತಾಗಬೇಕು: ಯಾರು ಕೇಳಿದರು, ಯಾವ ಫೈಲನ್ನು ಕೇಳಿದರು, ಎಲ್ಲಿ ತಡೆ ಆಯಿತು. ಈ ಮೂರು ಗೊತ್ತಿಲ್ಲದೆ ಸುಮ್ನೆ ಸಂಖ್ಯೆ ಬದಲಿಸುತ್ತಾ ಹೋದರೆ ಒಂದು ಸರಿಯಾಗಿ ಇನ್ನೊಂದು ಕೆಡುತ್ತದೆ. ನಿಮ್ಮಲ್ಲಿ ಆಗಿರುವುದೂ ಇದೇ.

ಕಮಾಂಡುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟರ್ಮಿನಲ್ಲಿನಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರದಲ್ಲೇ ಟೈಪ್ ಮಾಡಿ.

ಮೊದಲು ಲಾಗ್ ನೋಡಿ

ಬ್ರೌಸರಿನಲ್ಲಿ ಕಾಣುವ 403, 500 ಇವೆಲ್ಲ ಹೊರಗಿನವರಿಗೆ ಹೇಳುವ ಚುಟುಕು ಉತ್ತರ. ಕಾರಣವನ್ನು ಅಪಾಚೆ ತನ್ನ ಲಾಗ್ ಫೈಲಿನಲ್ಲಿ ಬರೆದಿಟ್ಟಿರುತ್ತದೆ. ಉಬುಂಟುವಿನಲ್ಲಿ ಅದು /ವಾರ್/ಲಾಗ್/ಅಪಾಚೆ2 ಒಳಗಿನ ಎರರ್.ಲಾಗ್. ಒಂದು ಟರ್ಮಿನಲ್ ತೆರೆದು 'ಸುಡೋ ಟೇಲ್ -ಎಫ್' ಹಾಕಿ, ಮುಂದೆ ಆ ಫೈಲಿನ ಪೂರ್ತಿ ದಾರಿ ಕೊಡಿ. ಟರ್ಮಿನಲ್ ಹಾಗೇ ತೆರೆದಿರಲಿ. ಈಗ ಮೊಬೈಲಿನಲ್ಲಿ ಪುಟವನ್ನು ರಿಫ್ರೆಶ್ ಮಾಡಿ. ಆ ಕ್ಷಣಕ್ಕೆ ಹೊಸದಾಗಿ ಬರುವ ಸಾಲೇ ನಿಮಗೆ ಬೇಕಾದ ಉತ್ತರ.

ಪಿಎಚ್‌ಪಿಯ ತಪ್ಪುಗಳೂ ಅಲ್ಲೇ ಬರುತ್ತವೆ. ಉಬುಂಟುವಿನ ಮೂಲ ಸೆಟ್ಟಿಂಗಿನಲ್ಲಿ ತಪ್ಪಿನ ಸಂದೇಶ ಪುಟದ ಮೇಲೆ ಕಾಣುವುದಿಲ್ಲ. ಪುಟ ಖಾಲಿ ಬಂದರೆ ಏನೂ ಆಗಿಲ್ಲ ಅಂತ ಅರ್ಥ ಅಲ್ಲ. ಲಾಗ್ ನೋಡಬೇಕು. ನನ್ನ ಹತ್ತಿರ ಬರುವ ಪ್ರಶ್ನೆಗಳಲ್ಲಿ ಜಾಸ್ತಿ ಪಾಲು ಈ ಒಂದು ಸಾಲನ್ನು ಓದಿದ್ದರೆ ಅಲ್ಲೇ ಮುಗಿಯುತ್ತಿತ್ತು. ಇಂಗ್ಲಿಷಿನಲ್ಲಿ ಉದ್ದಕ್ಕಿದೆ ಅಂತ ಹೆದರಬೇಡಿ. ಫೈಲಿನ ದಾರಿ ಮತ್ತು ಕೊನೆಯ ಏಳೆಂಟು ಪದ ಓದಿದರೆ ಸಾಕು.

ಕೋಡ್ ಯಾಕೆ ಕಾಣಿಸಿತು

ಪಿಎಚ್‌ಪಿ ಫೈಲನ್ನು ಓದಿ ನಡೆಸುವುದು ಅಪಾಚೆ ಅಲ್ಲ. ಅದಕ್ಕೆ ಜೋಡಿಸಿರುವ ಪಿಎಚ್‌ಪಿ ಮಾಡ್ಯೂಲ್. ಆ ಮಾಡ್ಯೂಲ್ ಇಲ್ಲದಿದ್ದರೆ ಅಪಾಚೆಗೆ ಅದು ಬರೀ ಅಕ್ಷರಗಳಿರುವ ಫೈಲು. ಇದ್ದ ಹಾಗೇ ಕಳಿಸಿಬಿಡುತ್ತದೆ. ಉಬುಂಟು 22.04ರಲ್ಲಿ ಇದ್ದದ್ದು ಪಿಎಚ್‌ಪಿ 8.1. 24.04ರಲ್ಲಿ ಬರುವುದು 8.3. ನೀವು ಮೊದಲ ಸಲ ಇನ್‌ಸ್ಟಾಲ್ ಮಾಡುವಾಗ ಹೆಸರಿನಲ್ಲೇ 8.1 ಇರುವ ಪ್ಯಾಕೇಜ್ ಹಾಕಿದ್ದರೆ, ಅಪ್‌ಗ್ರೇಡಿನಲ್ಲಿ ಹಳೆಯದು ಹೋಗಿ ಹೊಸದು ತಾನಾಗಿ ಬಂದಿರುವುದಿಲ್ಲ. ಫೋಲ್ಡರನ್ನು ಎಲ್ಲಿಗೆ ಒಯ್ದರೂ ಇದು ಸರಿಯಾಗುತ್ತಿರಲಿಲ್ಲ.

ಈಗ ಪುಟ ಬರುತ್ತಿದೆ ಅಂದರೆ ಮಾಡ್ಯೂಲ್ ಬಂದಿದೆ. ಆದರೂ ಒಮ್ಮೆ 'ಅಪಾಚೆ2ಸಿಟಿಎಲ್ -ಎಂ' ಹಾಕಿ ನೋಡಿ. ಎಂ ಮಾತ್ರ ದೊಡ್ಡ ಅಕ್ಷರ. ಬರುವ ಪಟ್ಟಿಯಲ್ಲಿ ಪಿಎಚ್‌ಪಿ_ಮಾಡ್ಯೂಲ್ ಇರಬೇಕು. ಇಲ್ಲದಿದ್ದರೆ 'ಸುಡೋ ಆಪ್ಟ್ ಇನ್‌ಸ್ಟಾಲ್ ಲಿಬ್‌ಅಪಾಚೆ2-ಮಾಡ್-ಪಿಎಚ್‌ಪಿ' ಹಾಕಿ. ಹೆಸರಿನಲ್ಲಿ ಆವೃತ್ತಿ ಸಂಖ್ಯೆ ಬೇಡ. ಆಗ ಮುಂದಿನ ಅಪ್‌ಗ್ರೇಡಿನಲ್ಲಿ ಹೊಸದು ತಾನಾಗಿ ಬರುತ್ತದೆ. ಆಮೇಲೆ 'ಸುಡೋ ಎ2ಎನ್‌ಮಾಡ್ ಪಿಎಚ್‌ಪಿ8.3', ಕೊನೆಗೆ ಅಪಾಚೆಯನ್ನು ರೀಸ್ಟಾರ್ಟ್ ಮಾಡಿ. ಎಂಪಿಎಂ_ಈವೆಂಟ್ (ಅಪಾಚೆ ಕೆಲಸ ಹಂಚುವ ಒಂದು ವಿಧಾನ) ಜತೆ ಹೊಂದುವುದಿಲ್ಲ ಅಂತ ತಕರಾರು ಬಂದರೆ, ಅದನ್ನು ಎ2ಡಿಸ್‌ಮಾಡ್ ಮಾಡಿ ಎಂಪಿಎಂ_ಪ್ರಿಫೋರ್ಕ್ ಆನ್ ಮಾಡಿ. ದೊಡ್ಡ ಸೈಟುಗಳಿಗೆ ಪಿಎಚ್‌ಪಿಯನ್ನು ಬೇರೆಯಾಗಿ ಓಡಿಸುವ ಪಿಎಚ್‌ಪಿ-ಎಫ್‌ಪಿಎಂ ಒಳ್ಳೆಯದು, ನಿಜ. ಮನೆಯವರು ಮಾತ್ರ ಬಳಸುವ ಪುಟಕ್ಕೆ ಮಾಡ್ಯೂಲೇ ಸಾಕು, ಸುಲಭ ಕೂಡ.

ಮಾಡ್ಯೂಲ್ ಇದ್ದೂ ಕೋಡ್ ಕಾಣುವ ಸಂದರ್ಭಗಳು ಕೆಲವಿವೆ. ಫೈಲಿನ ಹೆಸರು ದೊಡ್ಡಕ್ಷರದ ಪಿಎಚ್‌ಪಿಯಲ್ಲಿ ಮುಗಿದಿದ್ದರೆ ಉಬುಂಟುವಿನ ಸೆಟ್ಟಿಂಗ್ ಅದನ್ನು ಗುರುತಿಸುವುದಿಲ್ಲ. ವಿಂಡೋಸಿನ ನೋಟ್‌ಪ್ಯಾಡಿನಲ್ಲಿ ಬರೆದು ತಂದ ಫೈಲಿನ ಬಾಲಕ್ಕೆ ಕಾಣದ ಹಾಗೆ .ಟಿಎಕ್ಸ್‌ಟಿ ಸೇರಿರುತ್ತದೆ. ಹಳೇ ಕೋಡಿನಲ್ಲಿ ಶುರುವಿನ ಗುರುತು ಬರೀ '<?' ಅಂತಿದ್ದರೂ ಹಾಗೇ ಹೊರಗೆ ಬೀಳುತ್ತದೆ, ಪಕ್ಕದಲ್ಲಿ ಪಿಎಚ್‌ಪಿ ಅಂತ ಪೂರ್ತಿ ಬರೆಯಬೇಕು. ಇನ್ನು ಹೋಮ್ ಫೋಲ್ಡರಿನಲ್ಲಿ ಪಬ್ಲಿಕ್_ಎಚ್‌ಟಿಎಂಎಲ್ ಮಾಡಿಕೊಳ್ಳುವವರಿಗೆ ಒಂದು ಮಾತು: ಅಲ್ಲಿ ಪಿಎಚ್‌ಪಿ ನಡೆಯದಂತೆ ಉಬುಂಟು ಬೇಕೆಂದೇ ಆಫ್ ಮಾಡಿಟ್ಟಿರುತ್ತದೆ.

ಕೋಡ್ ಹೊರಗೆ ಕಂಡ ದಿನಗಳಲ್ಲಿ ಅದರಲ್ಲಿ ಯಾವುದಾದರೂ ಪಾಸ್‌ವರ್ಡ್ ಇತ್ತಾ? ಇದ್ದರೆ ಬದಲಿಸಿ. ಪುಟ ತೆರೆದ ಪ್ರತಿ ಮೊಬೈಲಿನಲ್ಲೂ ಅದು ಉಳಿದಿರಬಹುದು.

403: ತಡೆ ಆಗಿದ್ದು ನಿಮ್ಮ ಫೋಲ್ಡರಿನಲ್ಲಿ ಅಲ್ಲ

ನಿಮ್ಮ ಪ್ರಶ್ನೆಯಲ್ಲಿ ನನಗೆ ಬಹಳ ಮುಖ್ಯ ಅನ್ನಿಸಿದ್ದು ಇದು. 777 ಅಂದರೆ ಎಲ್ಲರಿಗೂ ಎಲ್ಲವೂ. ಅದನ್ನು ಕೊಟ್ಟ ಮೇಲೂ ಅಪಾಚೆ ಒಳಗೆ ಹೋಗಲಿಲ್ಲ. ಹಾಗಿದ್ದರೆ ತಡೆ ಬೇರೆ ಕಡೆ ಇರಬೇಕು ಅಲ್ವಾ?

ಮೊದಲು 'ಯಾರು' ಅನ್ನುವುದು. ನೀವು ಟರ್ಮಿನಲ್ಲಿನಲ್ಲಿ ಫೈಲ್ ತೆರೆದಾಗ ಅದು ನಿಮ್ಮ ಯೂಸರಿನ ಹೆಸರಿನಲ್ಲಿ ತೆರೆಯುತ್ತದೆ. ಬ್ರೌಸರಿನಿಂದ ಕೇಳಿದಾಗ ತೆರೆಯುವುದು ಅಪಾಚೆ. ಉಬುಂಟುವಿನಲ್ಲಿ ಅದು ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ ಎನ್ನುವ ಬೇರೆಯೇ ಯೂಸರಿನ ಹೆಸರಿನಲ್ಲಿ ಓಡುತ್ತದೆ. ಪ್ರತಿ ಸಲ ಆ ಉದ್ದ ಹೆಸರು ಬೇಡ, ಮುಂದೆ ಅಪಾಚೆಯ ಯೂಸರ್ ಅನ್ನುತ್ತೇನೆ. 'ನನಗೆ ತೆರೆಯುತ್ತದೆ, ಬ್ರೌಸರಿಗೆ ತೆರೆಯುವುದಿಲ್ಲ' ಎನ್ನುವ ದೂರಿನ ಹಿಂದೆ ಇರುವುದು ಇದೇ.

ಇನ್ನು 'ಎಲ್ಲಿ'. ಲಿನಕ್ಸಿನಲ್ಲಿ ಓದುವುದಕ್ಕೆ 4, ಬರೆಯುವುದಕ್ಕೆ 2, ನಡೆಸುವುದಕ್ಕೆ 1. ಮೂರೂ ಕೂಡಿದರೆ 7. ಮೊದಲ ಅಂಕೆ ಒಡೆಯನಿಗೆ, ಎರಡನೆಯದು ಗುಂಪಿಗೆ, ಮೂರನೆಯದು ಉಳಿದವರಿಗೆ. ಇಷ್ಟು ನಿಮಗೆ ಗೊತ್ತಿರಬಹುದು. ಆದರೆ ಫೋಲ್ಡರಿಗೆ ಬಂದಾಗ ಆ 1ರ ಕೆಲಸ ಬೇರೆ: ಫೋಲ್ಡರಿನ ಮೂಲಕ ಹಾದುಹೋಗಲು ಬಿಡುವುದು. ನಿಮ್ಮ ಮನೆಯ ಒಳಕೋಣೆಯ ಬಾಗಿಲು ಹಾರು ಹೊಡೆದಿದ್ದರೂ ಜಗಲಿಯ ಬಾಗಿಲಿಗೆ ಅಗುಳಿ ಹಾಕಿದ್ದರೆ ಹೊರಗಿನವರು ಒಳಕೋಣೆಗೆ ಬರಲಾರರು. ದಾರಿಯಲ್ಲಿರುವ ಪ್ರತಿ ಫೋಲ್ಡರೂ ಹಾದುಹೋಗಲು ಬಿಡಬೇಕು.

ಉಬುಂಟು 21.04ರಿಂದ ಈಚೆಗೆ ಹೊಸ ಯೂಸರಿನ ಹೋಮ್ ಫೋಲ್ಡರಿಗೆ 750 ಕೊಡುತ್ತಿದೆ. ಅದಕ್ಕೂ ಮುಂಚೆ 755 ಇತ್ತು. 750 ಅಂದರೆ ಉಳಿದವರಿಗೆ ಸೊನ್ನೆ. ಅಪಾಚೆಯ ಯೂಸರ್ ನಿಮ್ಮ ಹೋಮ್ ಬಾಗಿಲಲ್ಲೇ ನಿಂತುಬಿಡುತ್ತದೆ. ಒಳಗಿರುವ ಅಡಿಕೆ ಲೆಕ್ಕದ ಫೋಲ್ಡರಿಗೆ ನೀವು 777 ಕೊಟ್ಟರೂ ಅಲ್ಲಿ ತನಕ ಅದು ಬರುವುದೇ ಇಲ್ಲ. ಹಳೇ ಲೇಖನಗಳಲ್ಲಿ ಹೋಮ್ ಫೋಲ್ಡರಿನಲ್ಲಿ ಇಟ್ಟರೆ ನಡೆಯುತ್ತದೆ ಅಂತ ಬರೆದಿದ್ದು ಆ ಕಾಲಕ್ಕೆ ಸರಿಯೇ ಇತ್ತು. ಈಗ ನಡೆಯುವುದಿಲ್ಲ.

ಇದನ್ನು ಕಣ್ಣಿಂದಲೇ ನೋಡಬಹುದು. 'ನೇಮ್‌ಐ -ಎಲ್' ಎಂಬ ಕಮಾಂಡಿಗೆ ಫೈಲಿನ ಪೂರ್ತಿ ದಾರಿ ಕೊಡಿ. ಬೇರಿನಿಂದ ಫೈಲಿನವರೆಗೆ ಪ್ರತಿ ಫೋಲ್ಡರಿನ ಒಡೆಯ, ಗುಂಪು, ಪರ್ಮಿಷನ್ ಸಾಲಾಗಿ ಬರುತ್ತವೆ. ಎಲ್ಲಿ ತಡೆ ಇದೆ ಅಂತ ಅಲ್ಲೇ ಗೊತ್ತಾಗುತ್ತದೆ. ಇಷ್ಟು ಉಪಯೋಗದ ಕಮಾಂಡನ್ನು ಯಾಕೆ ಹೆಚ್ಚು ಜನ ಬಳಸುವುದಿಲ್ಲವೋ, ನನಗಂತೂ ಇದು ಬಹಳ ಇಷ್ಟ.

403ಕ್ಕೆ ಎರಡನೇ ಕಾರಣವೂ ಇದೆ. ಅದು ಫೈಲ್ ಪರ್ಮಿಷನ್ ಅಲ್ಲ, ಅಪಾಚೆಯ ಸ್ವಂತ ನಿಯಮ. ಉಬುಂಟುವಿನಲ್ಲಿ ಅಪಾಚೆ ಬರುವಾಗಲೇ ಇಡೀ ಡಿಸ್ಕನ್ನು ಮುಚ್ಚಿ, /ವಾರ್/ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಥರದ ಒಂದೆರಡು ಜಾಗ ಮಾತ್ರ ತೆರೆದಿಟ್ಟಿರುತ್ತದೆ. ಹೋಮ್‌ನ ದಾರಿ ಕೊಟ್ಟರೆ ಅದಕ್ಕೂ ಡೈರೆಕ್ಟರಿ ಬ್ಲಾಕ್ ಬರೆದು 'ರಿಕ್ವೈರ್ ಆಲ್ ಗ್ರ್ಯಾಂಟೆಡ್' ಅನ್ನಬೇಕು. ಎರಡರಲ್ಲಿ ಯಾವುದು ಅಂತ ಲಾಗ್ ಹೇಳುತ್ತದೆ. ಎಎಚ್00035 ಎಂಬ ಸಂಖ್ಯೆ ಇದ್ದರೆ ದಾರಿಯ ಯಾವುದೋ ಫೋಲ್ಡರ್ ಹಾದುಹೋಗಲು ಬಿಟ್ಟಿಲ್ಲ. ಎಎಚ್01630 ಇದ್ದರೆ ಅಪಾಚೆಯ ನಿಯಮವೇ ತಡೆದಿದೆ, ಅದಕ್ಕೆ ಸಾವಿರ ಸಲ 777 ಕೊಟ್ಟರೂ ಪ್ರಯೋಜನ ಇಲ್ಲ.

ನನ್ನ ಸಲಹೆ, ಹೋಮ್‌ನಲ್ಲಿ ಇಡುವುದೇ ಬೇಡ. ನೀವು ಹಳೇ ಜಾಗಕ್ಕೆ ಮರಳಿದ್ದು ಸರಿಯಾಗಿಯೇ ಇದೆ. ಪೆನ್‌ಡ್ರೈವಿನಲ್ಲೋ ವಿಂಡೋಸ್ ಪಾರ್ಟಿಷನ್ನಿನಲ್ಲೋ ಇಡುವ ಯೋಚನೆ ಇದ್ದರೆ ಅದೂ ಬೇಡ. ಎಕ್ಸ್‌ಫ್ಯಾಟ್ ಡ್ರೈವಿನಲ್ಲಿ ಲಿನಕ್ಸಿನ ಒಡೆಯ-ಗುಂಪು ಉಳಿಯುವುದಿಲ್ಲ, ಸಿಎಚ್‌ಮಾಡ್ (ಪರ್ಮಿಷನ್ ಬದಲಿಸುವ ಕಮಾಂಡ್) ಮಾಡಿದರೂ ಅದು ಕಿವಿಗೆ ಹಾಕಿಕೊಳ್ಳುವುದಿಲ್ಲ. ಮೇಲಾಗಿ ಡೆಸ್ಕ್‌ಟಾಪಿನಲ್ಲಿ ತಾನಾಗಿ ತೆರೆಯುವ ಡ್ರೈವಿಗೆ ನಿಮ್ಮ ಯೂಸರಿಗೆ ಮಾತ್ರ ಪ್ರವೇಶ ಇರುತ್ತದೆ.

ಪುಟ ಬಂತು, ಲೆಕ್ಕ ಯಾಕೆ ಸೇವ್ ಆಗುತ್ತಿಲ್ಲ

ನೀವು ಸುಡೋ ಹಾಕಿ ಕಾಪಿ ಮಾಡಿದಿರಿ. ಹಾಗೆ ಮಾಡಿದ ಫೈಲುಗಳ ಒಡೆಯ ರೂಟ್ ಆಗುತ್ತಾನೆ. 777 ಇದ್ದದ್ದು ಕಾಪಿಯಲ್ಲಿ 755 ಆಗಿರುತ್ತದೆ. ಅಂದರೆ ಎಲ್ಲರೂ ಓದಬಹುದು, ಬರೆಯುವುದು ರೂಟ್ ಮಾತ್ರ. ಪುಟ ಬರುತ್ತಿದೆ, ಬರೆಯಲು ಆಗುತ್ತಿಲ್ಲ. ಲೆಕ್ಕ ಹೊಂದಿತಲ್ಲ?

ಎಸ್‌ಕ್ಯೂಲೈಟ್ ಬಳಸುವವರಿಗೆ ಇನ್ನೊಂದು ಸಂಗತಿ ಗೊತ್ತಿರಲೇಬೇಕು. ಡೇಟಾಬೇಸ್ ಫೈಲಿಗೆ ಬರೆಯುವ ಪರ್ಮಿಷನ್ ಕೊಟ್ಟರೆ ಮಾತ್ರ ಸಾಲದು. ಆ ಫೈಲ್ ಇರುವ ಫೋಲ್ಡರಿಗೂ ಬೇಕು. ಯಾಕೆಂದರೆ ಪ್ರತಿ ಸಲ ಬರೆಯುವ ಮೊದಲು ಎಸ್‌ಕ್ಯೂಲೈಟ್ ಪಕ್ಕದಲ್ಲೇ ಒಂದು ಜರ್ನಲ್ ಫೈಲ್ ಮಾಡಿಕೊಳ್ಳುತ್ತದೆ. ನಡುವೆ ಕರೆಂಟ್ ಹೋದರೆ ಮುಂದಿನ ಸಲ ಆ ಜರ್ನಲ್ ನೋಡಿ ಡೇಟಾವನ್ನು ಹಳೇ ಸ್ಥಿತಿಗೆ ತರುತ್ತದೆ. ಫೋಲ್ಡರಿನಲ್ಲಿ ಹೊಸ ಫೈಲ್ ಮಾಡಲು ಆಗದಿದ್ದರೆ 'ರೀಡ್‌ಓನ್ಲಿ ಡೇಟಾಬೇಸ್' ಅಂತಲೋ 'ಡೇಟಾಬೇಸ್ ಫೈಲ್ ತೆರೆಯಲು ಆಗಲಿಲ್ಲ' ಅಂತಲೋ ದೂರು ಬರುತ್ತದೆ.

ಇಲ್ಲೇ ಒಂದು ಎಚ್ಚರಿಕೆ. ಕರೆಂಟ್ ಹೋಗಿ ಬಂದ ಮೇಲೆ ಡೇಟಾಬೇಸ್ ಪಕ್ಕದಲ್ಲಿ ಬಾಲಕ್ಕೆ -ಜರ್ನಲ್ ಅಂತಿರುವ ಫೈಲ್ ಕಂಡರೆ ಕಸ ಅಂತ ಅಳಿಸಬೇಡಿ. ಅದು ಹೋದರೆ ಅರ್ಧ ಬರೆದ ಲೆಕ್ಕ ಹಾಗೇ ಉಳಿದು ಡೇಟಾಬೇಸೇ ಕೆಡಬಹುದು. ವರ್ಷದ ಕೊಯ್ಲಿನ ಲೆಕ್ಕ ಅದರಲ್ಲಿದೆ.

ಈಗ ಸರಿಯಾದ ಏರ್ಪಾಡು. ಅಪಾಚೆ ಕೋಡನ್ನು ಓದಬೇಕು, ಬರೆಯಬಾರದು. ಡೇಟಾಗೆ ಮತ್ತು ಫೋಟೋಗಳಿಗೆ ಮಾತ್ರ ಬರೆಯಬೇಕು. ನಿಮಗೆ ಮಾತ್ರ ಎಲ್ಲವನ್ನೂ ಬದಲಿಸಲು ಆಗಬೇಕು. ಇದಕ್ಕಾಗಿ ಕೋಡಿನ ಫೋಲ್ಡರಿನ ಒಡೆಯ ನೀವಾಗಿ, ಗುಂಪು ಅಪಾಚೆಯದಾಗಲಿ. 'ಸುಡೋ ಸಿಎಚ್‌ಓನ್ -ಆರ್' ಹಾಕಿ, ಆರ್ ದೊಡ್ಡ ಅಕ್ಷರ, ಮುಂದೆ ನಿಮ್ಮ ಯೂಸರ್ ಹೆಸರು, ಕೋಲನ್, ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ, ಆಮೇಲೆ ಫೋಲ್ಡರಿನ ದಾರಿ. ನಂತರ ಒಳಗಿನ ಫೋಲ್ಡರುಗಳಿಗೆಲ್ಲ 750, ಫೈಲುಗಳಿಗೆಲ್ಲ 640.

ಎರಡಕ್ಕೂ ಒಂದೇ ಸಂಖ್ಯೆ ಕೊಡಲು ಬರುವುದಿಲ್ಲ. ಫೋಲ್ಡರಿಗೆ ಹಾದುಹೋಗುವ 1 ಬೇಕು, ಪಿಎಚ್‌ಪಿ ಫೈಲಿಗೆ ಅದು ಬೇಡ. ಹಾಗಾಗಿ 'ಫೈಂಡ್' ಕಮಾಂಡನ್ನು ಎರಡು ಸಲ ಓಡಿಸಿ: '-ಟೈಪ್ ಡಿ' ಹಾಕಿ ಸಿಎಚ್‌ಮಾಡ್ 750, '-ಟೈಪ್ ಎಫ್' ಹಾಕಿ ಸಿಎಚ್‌ಮಾಡ್ 640. ದೊಡ್ಡ ಎಕ್ಸ್ ಅಕ್ಷರ ಹಾಕಿ ಒಂದೇ ಸಲಕ್ಕೆ ಮುಗಿಸುವ ಉಪಾಯವನ್ನು ಬಲ್ಲವರು ಹೇಳುತ್ತಾರೆ. ನಿಮ್ಮ ವಿಷಯದಲ್ಲಿ ಅದು ನಡೆಯುವುದಿಲ್ಲ. ಮೊದಲೇ ನಡೆಸುವ ಪರ್ಮಿಷನ್ ಇರುವ ಫೈಲಿಗೆ ಅದು ಹಾಗೇ ಉಳಿಸುತ್ತದೆ, 777ರ ದೆಸೆಯಿಂದ ನಿಮ್ಮ ಎಲ್ಲ ಫೈಲಿಗೂ ಈಗ ಅದು ಅಂಟಿಕೊಂಡಿದೆ.

ಡೇಟಾಬೇಸನ್ನು ವೆಬ್ ಫೋಲ್ಡರಿನ ಹೊರಗೆ ಇಡಿ. ಅದು ಒಳಗಿದ್ದರೆ ಹೆಸರು ಗೊತ್ತಿರುವ ಯಾರೇ ಆದರೂ ಬ್ರೌಸರಿನಿಂದ ಇಡೀ ಫೈಲನ್ನು ಇಳಿಸಿಕೊಳ್ಳಬಹುದು. /ವಾರ್/ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಒಳಗಿನ ಎಚ್‌ಟಿಎಂಎಲ್ ಫೋಲ್ಡರಿನ ಪಕ್ಕದಲ್ಲಿ ಅಡಿಕೆ-ಡೇಟಾ ಅಂತ ಇನ್ನೊಂದು ಮಾಡಿ, ಒಡೆಯ ನೀವು, ಗುಂಪು ಅಪಾಚೆಯದು, ಪರ್ಮಿಷನ್ 2770. ಮುಂದಿನ 2 ಇದ್ದರೆ ಅದರೊಳಗೆ ಹುಟ್ಟುವ ಫೈಲುಗಳೆಲ್ಲ ಅದೇ ಗುಂಪಿಗೆ ಸೇರುತ್ತವೆ. ಡೇಟಾಬೇಸ್ ಫೈಲಿಗೆ 660. ಕೋಡಿನಲ್ಲಿ ಅದರ ಹೊಸ ದಾರಿ ಬರೆಯಲು ಮರೆಯಬೇಡಿ. ಫೋಟೋ ಫೋಲ್ಡರಿಗೂ 2770 ಕೊಡಿ, ಅದು ವೆಬ್ ಫೋಲ್ಡರಿನಲ್ಲೇ ಇರಲಿ. ಆದರೆ ಅಪಾಚೆಯ ಸೆಟ್ಟಿಂಗಿನಲ್ಲಿ ಆ ಒಂದು ಫೋಲ್ಡರಿಗೆ 'ಪಿಎಚ್‌ಪಿ_ಅಡ್ಮಿನ್_ಫ್ಲ್ಯಾಗ್ ಇಂಜಿನ್ ಆಫ್' ಅಂತ ಬರೆಯಿರಿ. ಹೊರಗಿನಿಂದ ಫೈಲ್ ಬಂದು ಬೀಳುವ ಜಾಗದಲ್ಲಿ ಕೋಡ್ ಓಡಬಾರದು.

ಸರಿಯಾಯಿತೇ ಅಂತ ಊಹಿಸುತ್ತಾ ಕೂರಬೇಕಿಲ್ಲ. ಅಪಾಚೆಯ ಯೂಸರಾಗಿಯೇ ಪರೀಕ್ಷಿಸಿ. 'ಸುಡೋ -ಯು ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ ಟಚ್' ಹಾಕಿ ಅಡಿಕೆ-ಡೇಟಾ ಒಳಗೆ ಒಂದು ಹೆಸರು ಕೊಡಿ. ಫೈಲ್ ಹುಟ್ಟಬೇಕು. ಅದೇ ಕೆಲಸವನ್ನು ಕೋಡಿನ ಫೋಲ್ಡರಿನಲ್ಲಿ ಮಾಡಿದರೆ ಆಗುವುದಿಲ್ಲ ಅನ್ನಬೇಕು. ಎರಡೂ ಹೀಗೇ ಬಂದರೆ ಏರ್ಪಾಡು ಸರಿ ಇದೆ.

ಈ ಏರ್ಪಾಡಿನಲ್ಲಿ ನಿಮ್ಮನ್ನು ಅಪಾಚೆಯ ಗುಂಪಿಗೆ ಸೇರಿಸುವ ಅಗತ್ಯ ಇಲ್ಲ. ಬೇರೆ ಯಾರೋ ಹೇಳಿದರು ಅಂತ ಯೂಸರ್‌ಮಾಡ್ ಬಳಸುವುದಾದರೆ '-ಎಜಿ' ಎರಡೂ ಅಕ್ಷರ ಇರಲಿ, ಜಿ ದೊಡ್ಡದು. ಎ ಬಿಟ್ಟುಹೋದರೆ ನೀವಿರುವ ಉಳಿದ ಗುಂಪುಗಳೆಲ್ಲ ಹೋಗುತ್ತವೆ, ಸುಡೋ ಕೂಡ. ಆಮೇಲೆ ನಿಮ್ಮದೇ ಕಂಪ್ಯೂಟರಿನಲ್ಲಿ ನಿಮಗೇ ಅಧಿಕಾರ ಇರುವುದಿಲ್ಲ.

ಪರ್ಮಿಷನ್ ಸರಿ ಇದ್ದೂ ಸೇವ್ ಆಗದಿದ್ದರೆ

ಎರಡು ಕಡೆ ನೋಡಿ. ಒಂದು, ಪಿಎಚ್‌ಪಿಯ ಎಕ್ಸ್‌ಟೆನ್ಷನ್ನುಗಳು. ಅಪ್‌ಗ್ರೇಡಿನಲ್ಲಿ ಮಾಡ್ಯೂಲ್ ಜತೆ ಅವೂ ಹೋಗಿರುತ್ತವೆ. ಲಾಗಿನಲ್ಲಿ 'ಕುಡ್ ನಾಟ್ ಫೈಂಡ್ ಡ್ರೈವರ್' ಅಂತಿದ್ದರೆ ಪಿಎಚ್‌ಪಿ-ಎಸ್‌ಕ್ಯೂಲೈಟ್3 ಪ್ಯಾಕೇಜ್ ಇಲ್ಲ. ಎಂಬಿ ಅಂತ ಶುರುವಾಗುವ ಫಂಕ್ಷನ್ ಸಿಗಲಿಲ್ಲ ಅಂದರೆ ಪಿಎಚ್‌ಪಿ-ಎಂಬಿಸ್ಟ್ರಿಂಗ್ ಇಲ್ಲ. ಇವಕ್ಕೂ ಸಂಖ್ಯೆ ಇಲ್ಲದ ಹೆಸರನ್ನೇ ಹಾಕಿ. ಟರ್ಮಿನಲ್ಲಿನಲ್ಲಿ 'ಪಿಎಚ್‌ಪಿ -ಎಂ' ತೋರಿಸುವ ಪಟ್ಟಿ ಟರ್ಮಿನಲ್ಲಿನ ಪಿಎಚ್‌ಪಿಯದು. ಅಪಾಚೆಯ ಪಿಎಚ್‌ಪಿಗೆ ಬೇರೆಯೇ ಐಎನ್‌ಐ (ಸೆಟ್ಟಿಂಗ್) ಫೈಲ್ ಇದೆ. ಪಿಎಚ್‌ಪಿ-ಇನ್ಫೋ ಪುಟವನ್ನು ಬ್ರೌಸರಿನಲ್ಲಿ ತೆರೆದು ನೋಡುವುದೇ ನಂಬಿಕೆಯ ದಾರಿ. ನೋಡಿದ ಮೇಲೆ ಆ ಪುಟ ಅಳಿಸಿ.

ಎಂಬಿಸ್ಟ್ರಿಂಗ್ ಕನ್ನಡದವರಿಗೆ ಬೇಕೇ ಬೇಕು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಗುರುತಿಗೂ 3 ಬೈಟ್. ಅಡಿಕೆ ನಮೂನೆಗೆ 'ಗೊರಬಲು' ಅಂತ ಬರೆದರೆ ಉದ್ದ ಎಣಿಸುವ ಸಾಮಾನ್ಯ ಫಂಕ್ಷನ್ ಸ್ಟ್ರ್‌ಲೆನ್ ಅದನ್ನು 18 ಅಂತ ಎಣಿಸುತ್ತದೆ, ಎಂಬಿ_ಸ್ಟ್ರ್‌ಲೆನ್ 6 ಅನ್ನುತ್ತದೆ. ಹೆಸರನ್ನು 10 ಬೈಟಿಗೆ ಕತ್ತರಿಸುವ ಹಳೇ ಕೋಡ್ ಇದ್ದರೆ ಒಂದು ಅಕ್ಷರವನ್ನು ನಡುವೆಯೇ ಕಡಿದು ಕೊನೆಯಲ್ಲಿ ಪ್ರಶ್ನಾರ್ಥಕದ ಚೌಕ ಬರುತ್ತದೆ. ರಾಶಿ, ಬೆಟ್ಟೆ ಚಿಕ್ಕ ಹೆಸರಾದರೂ ಉಳಿಯುವುದಿಲ್ಲ, 'ರಾಶಿ' 12 ಬೈಟ್, 'ಬೆಟ್ಟೆ' 18. ಗೊರಬಲು, ಸರಕು ಕೂಡ ಹೀಗೇ ಕೆಡುತ್ತವೆ. 'ಸರಕು' 12 ಬೈಟ್.

ಎರಡನೆಯದು ನಮ್ಮ ಕಡೆಯವರು ಮರೆಯಬಾರದ್ದು. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತಿರುತ್ತದೆ. ಕಂಪ್ಯೂಟರ್ ಹಾಗೇ ನಿಂತು ಡಿಸ್ಕಿನ ಲೆಕ್ಕ ತಪ್ಪಿದರೆ, ಇನ್ನಷ್ಟು ಕೆಡದಿರಲಿ ಅಂತ ಲಿನಕ್ಸ್ ಇಡೀ ಡಿಸ್ಕನ್ನು ಓದುವುದಕ್ಕೆ ಮಾತ್ರ ಎಂದು ಮಾಡಿಬಿಡುತ್ತದೆ. ಉಬುಂಟು 22.04ರ ಡೆಸ್ಕ್‌ಟಾಪ್ ಇನ್‌ಸ್ಟಾಲರ್ ಡಿಸ್ಕುಗಳ ಪಟ್ಟಿ ಇರುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಆ ಸೂಚನೆ ಬರೆದಿಟ್ಟಿರುತ್ತದೆ. ಆಗಲೂ ಸೇವ್ ಆಗುವುದಿಲ್ಲ, ಥೇಟ್ ಪರ್ಮಿಷನ್ ತೊಂದರೆಯಂತೆಯೇ ಕಾಣುತ್ತದೆ. ಆದರೆ ಲಾಗಿನಲ್ಲಿ 'ಪರ್ಮಿಷನ್ ಡಿನೈಡ್' ಇರುವುದಿಲ್ಲ, 'ರೀಡ್-ಓನ್ಲಿ ಫೈಲ್ ಸಿಸ್ಟಮ್' ಅಂತಿರುತ್ತದೆ. ಸುಡೋ ಹಾಕಿದರೂ ಬರೆಯಲು ಆಗದಿದ್ದರೆ ಇದೇ ಅಂತ ತಿಳಿಯಿರಿ. ಮೊದಲು ಡೇಟಾಬೇಸನ್ನು ಪಕ್ಕದ ಜರ್ನಲ್ ಸಮೇತ ಪೆನ್‌ಡ್ರೈವಿಗೆ ಕಾಪಿ ಮಾಡಿಕೊಳ್ಳಿ. ಆಮೇಲೆ ರೀಸ್ಟಾರ್ಟ್ ಮಾಡಿ ಡಿಸ್ಕ್ ತಪಾಸಣೆ ಮುಗಿಯಲು ಬಿಡಿ. ಮತ್ತೆ ಮತ್ತೆ ಹೀಗಾದರೆ ಡಿಸ್ಕ್ ಹಳತಾಗಿದೆ, ಬದಲಿಸಿ. ಆ ಡೆಸ್ಕ್‌ಟಾಪಿಗೆ ಒಂದು ಚಿಕ್ಕ ಯುಪಿಎಸ್ ಹಾಕಿದರೆ ಬಹಳ ಒಳ್ಳೆಯದು.

ಫೋಟೋ

ಫೋಲ್ಡರಿನ ಪರ್ಮಿಷನ್ ಸರಿಮಾಡಿದ ಮೇಲೂ ಏರದಿದ್ದರೆ ಅಳತೆ ನೋಡಿ. ಪಿಎಚ್‌ಪಿ ಮೊದಲಿನಿಂದ ಬಿಡುವುದು 2 ಎಂಬಿ ತನಕದ ಫೈಲು, ಇಡೀ ಫಾರಂ ಸೇರಿ 8 ಎಂಬಿ. ಈಗಿನ ಮೊಬೈಲಿನ ಫೋಟೋ 2 ಎಂಬಿ ಸುಲಭವಾಗಿ ದಾಟುತ್ತದೆ. ಅಪ್‌ಲೋಡಿನ ಎರರ್ ಸಂಖ್ಯೆಯನ್ನು ಕೋಡಿನಲ್ಲಿ ಪ್ರಿಂಟ್ ಮಾಡಿಸಿ. 1 ಬಂದರೆ ಅಳತೆ ಜಾಸ್ತಿ. 7 ಬಂದರೆ ಡಿಸ್ಕಿಗೆ ಬರೆಯಲು ಆಗಿಲ್ಲ. ಅಳತೆ ಹೆಚ್ಚಿಸಬೇಕಾದ್ದು /ಇಟಿಸಿ/ಪಿಎಚ್‌ಪಿ/8.3/ಅಪಾಚೆ2 ಒಳಗಿನ ಪಿಎಚ್‌ಪಿ.ಐಎನ್‌ಐನಲ್ಲಿ, ಪಕ್ಕದ ಸಿಎಲ್‌ಐ ಫೋಲ್ಡರಿನದ್ದರಲ್ಲಿ ಅಲ್ಲ. ಹಳೇ 8.1ರ ಫೈಲಿನಲ್ಲಿ ನೀವು ಮೊದಲು ಹೆಚ್ಚಿಸಿದ್ದರೆ ಅದು ಹೊಸದಕ್ಕೆ ಬಂದಿರುವುದಿಲ್ಲ. ಅಪ್‌ಗ್ರೇಡಿಗೆ ಮುಂಚೆ ಫೋಟೋ ಏರುತ್ತಿತ್ತು ಎಂದಾದರೆ ನನ್ನ ಅನುಮಾನ ಇದರ ಮೇಲೇ.

ಮಗಳ ಮಳೆ ಲೆಕ್ಕ

ಆಗುಂಬೆ ಇರುವ ತಾಲೂಕಿನಲ್ಲಿ ಒಬ್ಬಳು ಹುಡುಗಿ ಮಳೆಯ ಲೆಕ್ಕ ಇಟ್ಟು, ಅದಕ್ಕೆ ತಾನೇ ಸ್ಕ್ರಿಪ್ಟ್ ಬರೆದಿದ್ದಾಳೆ ಅಂತ ಓದಿ ತುಂಬಾ ಸಂತೋಷವಾಯಿತು. ಅದನ್ನು ಖಂಡಿತ ನಡೆಸೋಣ.

ಅದು ಸಿಜಿಐ ಸ್ಕ್ರಿಪ್ಟ್ ಆಗಿದ್ದರೆ ಪಿಎಚ್‌ಪಿಗೆ ಹೇಳಿದ್ದು ಅದಕ್ಕೆ ಹೊಂದುವುದಿಲ್ಲ. ಪಿಎಚ್‌ಪಿ ಫೈಲನ್ನು ಮಾಡ್ಯೂಲ್ ಓದುತ್ತದೆ ಅಷ್ಟೇ, ಆದ್ದರಿಂದ ಓದುವ ಪರ್ಮಿಷನ್ ಸಾಕು. ಸಿಜಿಐ ಸ್ಕ್ರಿಪ್ಟನ್ನು ಅಪಾಚೆ ಒಂದು ಪ್ರೋಗ್ರಾಮಿನಂತೆ ನಡೆಸುತ್ತದೆ, ಆದ್ದರಿಂದ ನಡೆಸುವ ಪರ್ಮಿಷನ್ ಬೇಕು. ಅದಕ್ಕೆ 755 ಕೊಡಿ. ಉಬುಂಟುವಿನಲ್ಲಿ ಸಿಜಿಐ ಸ್ಕ್ರಿಪ್ಟುಗಳ ಜಾಗ /ಯುಎಸ್‌ಆರ್/ಲಿಬ್/ಸಿಜಿಐ-ಬಿನ್.

ಮೂಲ ಸೆಟ್ಟಿಂಗಿನಲ್ಲಿ ಸಿಜಿಐ ಮಾಡ್ಯೂಲ್ ಆಫ್ ಇದ್ದರೆ ಬರುವುದು 404 (ಪುಟ ಸಿಗಲಿಲ್ಲ). ನಿಮಗೆ 500 ಬರುತ್ತಿದೆ, ಅಂದರೆ ಅಪಾಚೆ ಸ್ಕ್ರಿಪ್ಟಿನ ತನಕ ಮುಟ್ಟಿದೆ. ಇದು ಒಳ್ಳೆಯ ಸುದ್ದಿ. ಲಾಗಿನಲ್ಲಿ 'ಪರ್ಮಿಷನ್ ಡಿನೈಡ್' ಇದ್ದರೆ 755 ಕೊಟ್ಟರೆ ಮುಗಿಯಿತು. ಫೈಲ್ ಕಣ್ಣ ಮುಂದೇ ಇದ್ದರೂ 'ನೋ ಸಚ್ ಫೈಲ್' ಅನ್ನುತ್ತಿದ್ದರೆ ಅವಳು ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಬರೆದಿರಬೇಕು. ವಿಂಡೋಸ್ ಪ್ರತಿ ಸಾಲಿನ ಕೊನೆಗೆ ಒಂದು ಕಾಣದ ಗುರುತು ಸೇರಿಸುತ್ತದೆ. ಮೊದಲ ಸಾಲಿನ ಪೈಥಾನ್ ದಾರಿಗೆ ಅದು ಅಂಟಿ, ಆ ಹೆಸರಿನ ಪೈಥಾನ್ ಸಿಗುವುದಿಲ್ಲ. 'ಡಾಸ್2ಯುನಿಕ್ಸ್' ಓಡಿಸಿದರೆ ಸರಿಯಾಗುತ್ತದೆ. 'ಎಂಡ್ ಆಫ್ ಸ್ಕ್ರಿಪ್ಟ್ ಔಟ್‌ಪುಟ್ ಬಿಫೋರ್ ಹೆಡರ್ಸ್' ಅಂತಿದ್ದರೆ ಸ್ಕ್ರಿಪ್ಟ್ ಮೊದಲು ಕಂಟೆಂಟ್-ಟೈಪ್ ಸಾಲು, ಅದರ ಕೆಳಗೆ ಒಂದು ಖಾಲಿ ಸಾಲು ಪ್ರಿಂಟ್ ಮಾಡಿಲ್ಲ, ಅಥವಾ ಅದಕ್ಕೂ ಮುಂಚೆಯೇ ತಪ್ಪಾಗಿ ನಿಂತಿದೆ. ಆ ಸಾಲಿನಲ್ಲಿ ಚಾರ್‌ಸೆಟ್ ಯುಟಿಎಫ್-8 ಅಂತಲೂ ಇರಲಿ, ಕನ್ನಡ ಸರಿಯಾಗಿ ಕಾಣುತ್ತದೆ.

ಅವಳು ಪೈಥಾನಿನ ಸಿಜಿಐ ಮಾಡ್ಯೂಲ್ ಬಳಸಿದ್ದರೆ ಮುಂದಕ್ಕೆ ಒಂದು ವಿಷಯ ತಿಳಿಸಿ. ಪೈಥಾನ್ 3.13ರಲ್ಲಿ ಅದನ್ನು ತೆಗೆದಿದ್ದಾರೆ. ಉಬುಂಟು 24.04ರಲ್ಲಿರುವುದು 3.12, ಸದ್ಯಕ್ಕೆ ನಡೆಯುತ್ತದೆ. ಮುಂದಿನ ಅಪ್‌ಗ್ರೇಡಿಗೆ ಮುಂಚೆ ಬದಲಿಸಿಕೊಂಡರೆ ಸಾಕು. ಸ್ಕ್ರಿಪ್ಟ್ /ಟಿಎಂಪಿ ಫೋಲ್ಡರಿನಲ್ಲಿ ಏನಾದರೂ ಬರೆದು, ಅಲ್ಲಿ ಹುಡುಕಿದರೆ ಸಿಗುತ್ತಿಲ್ಲ ಅಂದರೆ ಗಾಬರಿ ಬೇಡ. ಉಬುಂಟು ಅಪಾಚೆಗೆ ತನ್ನದೇ ಬೇರೆ /ಟಿಎಂಪಿ ಕೊಟ್ಟಿರುತ್ತದೆ. ಮಳೆಯ ಅಂಕಿಗಳನ್ನು ಅಡಿಕೆ-ಡೇಟಾ ಥರದ್ದೇ ಇನ್ನೊಂದು ಫೋಲ್ಡರಿನಲ್ಲಿ ಇಡಲಿ.

777 ಯಾಕೆ ಇಷ್ಟು ಕೆಟ್ಟದ್ದು

ಮನೆಯ ಕಂಪ್ಯೂಟರ್ ತಾನೇ, ಯಾರು ಬರುತ್ತಾರೆ ಅನ್ನಿಸಬಹುದು. ಕೋಡಿಗೆ ಅಪಾಚೆಯ ಯೂಸರ್ ಬರೆಯಬಹುದಾದರೆ, ಫೋಟೋ ಹೆಸರಿನಲ್ಲಿ ಒಂದು ಕೆಟ್ಟ ಫೈಲ್ ಬಂದರೂ ಸಾಕು, ನಿಮ್ಮ ಇಡೀ ಪುಟವನ್ನು ತಿದ್ದಿಬಿಡಬಹುದು. ಅದಲ್ಲದೆ 777 ಕೆಲವು ಕಡೆ ಇದ್ದದ್ದನ್ನೂ ಕೆಡಿಸುತ್ತದೆ. ಎಲ್ಲರೂ ಬರೆಯಬಹುದಾದ ಕಾನ್ಫಿಗ್ (ಸೆಟ್ಟಿಂಗ್) ಫೈಲನ್ನು ಮೈಎಸ್‌ಕ್ಯೂಎಲ್ ಡೇಟಾಬೇಸ್ ಓದುವುದೇ ಇಲ್ಲ. ಹೋಮ್ ಫೋಲ್ಡರಿಗೆ 777 ಇದ್ದರೆ ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ನಿಮ್ಮ ಕೀಯನ್ನು ನಂಬುವುದಿಲ್ಲ. ಆದ್ದರಿಂದ ಹೋಮ್‌ನಲ್ಲಿ ಉಳಿದಿರುವ ಆ ಹಳೇ ಫೋಲ್ಡರ್ ಇನ್ನೂ ಇದ್ದರೆ, ಹೊಸ ಜಾಗದಲ್ಲಿ ಎಲ್ಲ ನಡೆಯುತ್ತದೆ ಅಂತ ಖಾತ್ರಿಯಾದ ಮೇಲೆ ಅದನ್ನು ಅಳಿಸಿಬಿಡಿ. ಹೋಮ್ ಫೋಲ್ಡರಿಗೇ 777 ಕೊಟ್ಟಿಲ್ಲ ತಾನೇ, ಅದನ್ನೂ ನೋಡಿಕೊಳ್ಳಿ. 750 ಇರಬೇಕು.

ರೂಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನ ಇಂಟರ್ನೆಟ್ಟಿನಿಂದ ಒಳಬರುವ ದಾರಿ) ಆನ್ ಮಾಡಿದ್ದರೆ ಆಫ್ ಮಾಡಿ. ಮನೆಯ ವೈಫೈ ಒಳಗೆ ಬಳಸಲು ಅದು ಬೇಡ.

ಇಷ್ಟೆಲ್ಲ ಮಾಡಿದ ಮೇಲೂ ಯಾವುದಾದರೂ ಒಂದು ನಡೆಯದಿದ್ದರೆ ಮತ್ತೆ ಬರೆಯಿರಿ. ಬರೆಯುವಾಗ ಎರಡು ಸಂಗತಿ ಜತೆಗಿರಲಿ: ಪುಟ ರಿಫ್ರೆಶ್ ಮಾಡಿದ ಕೂಡಲೇ ಲಾಗಿನಲ್ಲಿ ಬಂದ ಸಾಲು, ಮತ್ತು ಆ ಸಾಲಿನಲ್ಲಿರುವ ಫೈಲಿಗೆ ನೇಮ್‌ಐ ತೋರಿಸಿದ ಪಟ್ಟಿ. ಮಗಳ ಸ್ಕ್ರಿಪ್ಟಿನದ್ದಾದರೆ ಮೊದಲ ಹತ್ತು ಸಾಲು ಕೋಡೂ ಕಳಿಸಿ. ಪಾಸ್‌ವರ್ಡ್ ಇದ್ದರೆ ಕಳಿಸುವ ಮೊದಲು ಅಳಿಸಿರಿ.